ಮನೆ ಬೆಚ್ಚಗಿಡುವ ಒಲೆಯಲ್ಲಿ ಮೆಕ್ಕೆಜೋಳ, ಪೆಲೆಟ್ (ಮರದ ಪುಡಿ ಒತ್ತಿ ಮಾಡಿದ ಸಣ್ಣ ತುಂಡು) ಎರಡೂ ಅರ್ಧ ಸುಟ್ಟು ಬೂದಿಗೆ ಬೀಳುತ್ತಿವೆ. ಕಾಳು ಬೀಳುವ ವೇಗ ಹೆಚ್ಚಿಸಲೇ, ಪೆಲೆಟ್ ಬದಲಿಸಲೇ?

ಎರಡೂ ಬೇಡ. ಮೊದಲು ಆ ವೇಗದ ಗುಂಡಿಯಿಂದ ಕೈ ತೆಗೆಯಿರಿ.

ಹೊರಗೆ ಕರಿದಾಗಿ ಒಳಗೆ ಇನ್ನೂ ಹಳದಿ ಉಳಿದ ಕಾಳು, ಗಾಜಿನ ಮೇಲೆ ಮಸಿ, ತುದಿ ಕಪ್ಪಾಗಿ ನಿಧಾನಕ್ಕೆ ತೂಗಾಡುವ ಕೇಸರಿ ಉರಿ. ನೀವು ಬರೆದಿರೋದನ್ನೆಲ್ಲ ನಾನು ಒಂದು ಇಡೀ ಚಳಿಗಾಲ ನೋಡಿದ್ದೇನೆ. ಬಿಸಿ ಸಾಲದು ಅಂತ ನಾನೂ ವೇಗ ಹೆಚ್ಚಿಸಿದೆ. ಅರ್ಧ ಗಂಟೆಯಲ್ಲಿ, ಕಾಳು ಬಿದ್ದು ಉರಿಯುವ ಬಟ್ಟಲು ತುಂಬಿ ತುಳುಕಿತು, ಉರಿ ಇನ್ನೂ ಕುಗ್ಗಿತು. ಆಮೇಲೆ ಜೋಳದ ಮೇಲೆ ಅನುಮಾನ ಬಂತು. ತೇವಾಂಶ ಶೇ. 15 ದಾಟಿದರೆ ಜೋಳ ಸರಿಯಾಗಿ ಉರಿಯುವುದಿಲ್ಲ ಅನ್ನೋದು ನಿಜ. ಆದರೆ ಚೆನ್ನಾಗಿ ಒಣಗಿದ್ದು ತಂದು, ಅರ್ಧಕ್ಕರ್ಧ ಪೆಲೆಟ್ ಬೆರೆಸಿ ಹಾಕಿದರೂ ಎರಡೇ ದಿನಕ್ಕೆ ಅದೇ ಪಾಡು.

ತಪ್ಪು ನಡೆಯುತ್ತಿದ್ದುದು ನಾನು ಒಲೆ ಚೊಕ್ಕ ಮಾಡುವಾಗ. ದಿನಾ ಬೆಳಗ್ಗೆ ಉರಿಯುವ ಬಟ್ಟಲನ್ನು ಹೊರಗೆ ತೆಗೆದು, ಕೆರೆದು, ವಾಪಸ್ ಇಡುತ್ತಿದ್ದೆ. ಅದು ಕೂರುವ ಅಂಚನ್ನು ಮಾತ್ರ ಒಂದು ದಿನವೂ ಒರೆಸಿರಲಿಲ್ಲ. ಕೊನೆಗೊಂದು ದಿನ ಟಾರ್ಚ್ ಹಿಡಿದು ನೋಡಿದೆ. ಅಂಚಿನ ಮೇಲೆ ಒಂದೇ ಒಂದು ಸುಟ್ಟ ಕಾಳು ಚಪ್ಪಟೆಯಾಗಿ ಅಂಟಿಕೊಂಡಿತ್ತು, ಸುತ್ತ ಬೂದಿ ಗಟ್ಟಿ ಕೂತಿತ್ತು. ಬಟ್ಟಲು ಒಂದು ಕಡೆ ಉಗುರಿನಷ್ಟು ಮೇಲೆದ್ದಿತ್ತು.

ಅಷ್ಟು ಸಣ್ಣ ಸಂದು ಏನು ಮಾಡೀತು ಅನ್ನಿಸುತ್ತೆ, ಅಲ್ವಾ? ಇಂಥ ಬಹುತೇಕ ಒಲೆಗಳಲ್ಲಿ ಫ್ಯಾನ್ ಬೆಂಕಿಗೆ ಗಾಳಿ ಊದುವುದಿಲ್ಲ. ಹಿಂದಿನಿಂದ ಹೊಗೆ ಎಳೆಯುತ್ತದೆ. ಹೋದ ಗಾಳಿಯ ಜಾಗಕ್ಕೆ ಹೊಸ ಗಾಳಿ ಬಟ್ಟಲಿನ ತೂತುಗಳಿಂದ, ಕಾಳಿನ ನಡುವೆ ನುಗ್ಗಿ ಬರಬೇಕು. ಆದರೆ ಗಾಳಿಗೆ ಸುಲಭದ ದಾರಿ ಸಿಕ್ಕರೆ ಅದು ಕಷ್ಟದ ದಾರಿ ಹಿಡಿಯುವುದಿಲ್ಲ. ಬಟ್ಟಲಿನ ಕೆಳಗೆ ಸಂದಿದ್ದರೆ ಅಲ್ಲಿಂದಲೇ ನುಸುಳಿ, ಬೆಂಕಿಯನ್ನು ಮುಟ್ಟದೆ ಬಳಸಿಕೊಂಡು, ಹೊಗೆ ಕೊಳವೆಗೆ ಹೋಗಿಬಿಡುತ್ತದೆ. ಫ್ಯಾನಿನ ಸದ್ದು ಎಂದಿನಂತೆಯೇ ಇರುತ್ತದೆ, ಹಾಗಾಗಿ ಅನುಮಾನವೇ ಬರುವುದಿಲ್ಲ. ಇದರ ಮೇಲೆ ನಾನು ಕಾಳು ಹೆಚ್ಚಿಸಿದ್ದೆ, ಅಂದರೆ ತೂತುಗಳ ಮೇಲೆ ಇನ್ನಷ್ಟು ಹೊರೆ ಹೇರಿ ಉಳಿದ ಗಾಳಿಯನ್ನೂ ತಡೆದಿದ್ದೆ. ಮಸಿ ಕಟ್ಟಿ ಕೊಳವೆ ಅರ್ಧ ಮುಚ್ಚಿತು. ಒಂದು ರಾತ್ರಿ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲ ಪತ್ತೆಹಚ್ಚುವ ಅಲಾರಂ ಹೊಡೆದುಕೊಂಡಿತು, ಮಲಗಿದ್ದವರನ್ನೆಲ್ಲ ಎಬ್ಬಿಸಿ ಹೊರಗೆ ಕರೆದುಕೊಂಡು ಹೋದೆ. ಆ ರಾತ್ರಿ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಹಾಗಾಗಿ ಒಲೆ ಪೂರ್ತಿ ತಣ್ಣಗಾದ ಮೇಲೆ ಆ ಅಂಚು ಒರೆಸಿ, ಬಟ್ಟಲು ಕೂರಿಸಿ, ಬೆರಳಲ್ಲಿ ಒತ್ತಿ ನೋಡಿ. ಚೂರೂ ಅಲುಗಾಡಬಾರದು. ಒಲೆಯ ಬಾಗಿಲಿಗೂ ಇದೇ ಮಾತು. ಒಂದು ಕಾಗದದ ಚೂರನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಗ್ಯಾಸ್ಕೆಟ್, ಅಂದರೆ ಬಾಗಿಲಿನ ಸಂದು ಮುಚ್ಚುವ ಪಟ್ಟಿ, ಸವೆದಿದೆ, ಬದಲಿಸಿ.

ತೂತುಗಳನ್ನು ಒಂದೊಂದಾಗಿ ತಂತಿಯಲ್ಲಿ ಚುಚ್ಚಿ, ಬೆಳಕಿಗೆ ಹಿಡಿದು ನೋಡಿ. ಜೋಳದ ಬೂದಿಯಲ್ಲಿ ಪೊಟ್ಯಾಸಿಯಂ, ರಂಜಕ ಜಾಸ್ತಿ. ಅದು ಕರಗಿ ಗಾಜಿನಂಥ ಕಿಟ್ಟವಾಗಿ ಗಟ್ಟಿಯಾಗುತ್ತದೆ, ದಿನಾ ತೆಗೆಯಲೇಬೇಕು. ನಿಮ್ಮ ಬಟ್ಟಲಿನಲ್ಲಿ ಕಿಟ್ಟ ಕಟ್ಟದಂತೆ ಕಲಕುವ ಕಡ್ಡಿ ಇದೆಯಾ ಅಂತ ನೀವು ಬರೆದಿಲ್ಲ. ಇಲ್ಲದಿದ್ದರೆ ಅದು ಬರೀ ಪೆಲೆಟ್‌ಗೆ ಮಾಡಿದ ಒಲೆ ಇರಬಹುದು, ಕೈಪಿಡಿ ನೋಡುವ ತನಕ ಜೋಳ ಹಾಕಬೇಡಿ. ಹೊಗೆ ಕೊಳವೆ, ಫ್ಯಾನಿನ ರೆಕ್ಕೆಗಳಲ್ಲಿ ಕೂತ ಬೂದಿಯನ್ನೂ ತೆಗೆಸಿ.

ಅಲಾರಂ ಇಲ್ಲದಿದ್ದರೆ, ತರುವವರೆಗೆ ಒಲೆ ಹಚ್ಚಲೇಬೇಡಿ.

ಅಂಚು ಒರೆಸಿ, ಕೊಳವೆಯನ್ನೂ ಚೊಕ್ಕ ಮಾಡಿಸಿದ ಮೇಲೆ ನನ್ನ ಒಲೆಯಲ್ಲಿ ಉರಿ ಗಿಡ್ಡವಾಗಿ, ಹಳದಿ ಬಿಳುಪಾಗಿ ಎದ್ದಿತು. ಕಾಳುಗಳು ಬಟ್ಟಲಲ್ಲೇ ಪಟಪಟ ಕುಣಿದವು. ವೇಗವನ್ನು ಮೊದಲಿಗಿಂತ ಕೆಳಕ್ಕೆ ಇಳಿಸಿದೆ, ಬಿಸಿ ಜಾಸ್ತಿಯೇ ಬಂತು. ಇಷ್ಟು ಮಾಡಿದರೂ ನಿಮಗೆ ಅರ್ಧ ಸುಟ್ಟ ಕಾಳು ಬಿದ್ದರೆ ಬಟ್ಟಲಿನ ಫೋಟೋ ಹಾಕಿ, ಅದು ಕೂರುವ ಅಂಚಿನದ್ದೂ ಹಾಕಿ. ನೋಡಿ ಹೇಳುತ್ತೇನೆ.