‘ನಿರಾಕರಿಸಲಾಯಿತು’ ಅಂದ್ರೆ ಯಾರು ನಿರಾಕರಿಸಿದ್ದು?

ನಮಸ್ಕಾರ,

‘ರೈಟಿಂಗ್ ವಿತ್ ಫೈರ್’ ಡಾಕ್ಯುಮೆಂಟರಿ ನೋಡಿ ಹೆಂಗಸರೇ ನಡೆಸೋ ಖಬರ್ ಲಹರಿಯಾ ಪತ್ರಿಕೆಯ ಪತ್ರಕರ್ತೆಯರ ಬಗ್ಗೆ ನೀವು ಬರೆದು ಕಳಿಸಿದ ಲೇಖನ ಎರಡು ಸಲ ಓದಿದೆ. ಬರವಣಿಗೆ ಸರಾಗವಾಗಿದೆ, ಅಲ್ಲಿನ ವರದಿಗಾರ್ತಿ ಶ್ಯಾಮ್‌ಕಲಿ ಮೊಬೈಲ್ ಬಳಸೋದು ಕಲಿಯೋ ಪ್ಯಾರಾ ಚೆನ್ನಾಗಿ ಬಂದಿದೆ. ಆದ್ರೆ ಈಗಿರೋ ಹಾಗೇ ಹಾಕೋಕೆ ಆಗಲ್ಲ. ಎರಡು ಸಾಲು ಒಂದು ವಾರದಿಂದ ನನ್ನ ತಲೆ ತಿಂತಿವೆ, ಅವುಗಳ ಬಗ್ಗೆ ಮಾತ್ರ ಬರೀತೀನಿ, ಮಿಕ್ಕಿದ್ದನ್ನ ನೀವೇ ನೋಡ್ಕೊಳ್ತೀರ.

ಒಂದು, ನಿಮ್ಮ ಮೊದಲ ಸಾಲೇ. “ಶತಮಾನಗಳಿಂದ ದನಿಯಿಲ್ಲದವರಿಗೆ ಈ ಚಿತ್ರ ದನಿಯಾಗಿದೆ.”

ಯಾರಿಗೆ ದನಿ ಇರಲಿಲ್ಲ? ಆ ಪತ್ರಿಕೆ ಶುರುವಾಗಿದ್ದು 2002ರಲ್ಲಿ, ಉತ್ತರ ಪ್ರದೇಶದ ಚಿತ್ರಕೂಟದಲ್ಲಿ, ಬುಂದೇಲಿ ಭಾಷೇಲಿ. ದಲಿತ, ಮುಸ್ಲಿಂ, ಹಿಂದುಳಿದ ಜಾತಿಗಳ ಹೆಂಗಸರು, ಅದರಲ್ಲಿ ಕೆಲವರು ಆಗಷ್ಟೇ ಅಕ್ಷರ ಕಲಿತವರು, ತಾವೇ ಸುದ್ದಿ ತಂದು ತಾವೇ ಬರೆದು ತಾವೇ ಹಳ್ಳಿಹಳ್ಳಿಗೆ ಹೊತ್ಕೊಂಡು ಹೋಗಿ ಮಾರಿದ ಪೇಪರ್ ಅದು. 2004ರಲ್ಲಿ ಪತ್ರಕರ್ತೆಯರಿಗೆ ಕೊಡೋ ಚಮೇಲಿ ದೇವಿ ಜೈನ್ ಪ್ರಶಸ್ತಿ ಬಂತು, 2009ರಲ್ಲಿ ಯುನೆಸ್ಕೋದ ಸಾಕ್ಷರತಾ ಪ್ರಶಸ್ತಿ ಬಂತು. ರಿಂಟು ಥಾಮಸ್ ಮತ್ತು ಸುಷ್ಮಿತ್ ಘೋಷ್ ಮಾಡಿದ ಸಿನಿಮಾ ಮೊದಲು ಪರದೆಗೆ ಬಂದಿದ್ದು 2021ರ ಜನವರಿ, ಅಮೆರಿಕದ ಚಿತ್ರೋತ್ಸವ ಸನ್‌ಡಾನ್ಸ್‌ನಲ್ಲಿ. ಲೆಕ್ಕ ಹಾಕಿ, ಹೆಚ್ಚುಕಮ್ಮಿ 19 ವರ್ಷ ಆ ಹೆಂಗಸರು ಮಾತಾಡ್ತಾನೇ ಇದ್ರು. ನಾನು ನೀವು ಕೇಳಿಸ್ಕೊಂಡಿರಲಿಲ್ಲ, ಅಷ್ಟೇ. ನಮ್ಮ ಕಿವಿಯ ದೋಷಾನ ಅವರ ಗಂಟಲಿಗೆ ಯಾಕೆ ಹೊರಿಸ್ತೀರ?

ಅಂಬೇಡ್ಕರ್ ಅವರೇ 1920ರಲ್ಲಿ ತಮ್ಮ ಪತ್ರಿಕೆಗೆ ಮೂಕನಾಯಕ ಅಂತ ಹೆಸರಿಟ್ರಲ್ಲ ಅಂತ ನೀವು ಕೇಳಬಹುದು. ಇಟ್ರು, ಆದ್ರೆ ಅದು ಒಳಗಿನವರು ತಮ್ಮವರ ಬಗ್ಗೆ ಹೇಳಿದ ಮಾತು, ಬಾಯಿ ಕಟ್ಟಿಸಿಕೊಂಡವರೇ ಬಾಯಿ ತೆರೆದ ಹೊತ್ತಿನ ಮಾತು. ಹೊರಗೆ ಕೂತು ಸಿನಿಮಾ ನೋಡಿದ ನಾವು ಅದೇ ಪದ ಎತ್ತಿಕೊಂಡ್ರೆ ಅರ್ಥವೇ ಬೇರೆ ಆಗುತ್ತೆ.

ಇದಕ್ಕಿಂತ ಬೇಜಾರಾಗಿದ್ದು ಇನ್ನೊಂದು. 2022ರ ಮಾರ್ಚ್‌ನಲ್ಲಿ, ಈ ಸಿನಿಮಾನೂ ಸ್ಪರ್ಧೇಲಿದ್ದ ಆಸ್ಕರ್ ಸಮಾರಂಭಕ್ಕೆ ಕೆಲವೇ ದಿನ ಇರುವಾಗ, ಖಬರ್ ಲಹರಿಯಾದವರೇ ಈ ಸಿನಿಮಾ ಬಗ್ಗೆ ಒಂದು ಹೇಳಿಕೆ ಕೊಟ್ಟರು. ಚಿತ್ರ ಮನಸ್ಸು ತಟ್ಟುತ್ತೆ, ಶಕ್ತಿ ಇದೆ, ಆದ್ರೆ ಒಂದೇ ರಾಜಕೀಯ ಪಕ್ಷದ ಮೇಲೆ ಸುದ್ದಿ ಮಾಡೋದೇ ನಮ್ಮ ಕೆಲಸ ಅನ್ನೋ ಹಾಗೆ ತೋರಿಸಿರೋದು ಸರಿಯಲ್ಲ ಅಂತ. ಅದು ಮುಚ್ಚಿಟ್ಟ ವಿಷಯ ಏನಲ್ಲ, ಎಲ್ಲ ಕಡೆ ಬಂದಿತ್ತು. ನಿಮ್ಮ 14 ಪುಟದಲ್ಲಿ ಅದರ ಒಂದಕ್ಷರ ಇಲ್ಲ! ಅವರಿಗೆ ದನಿ ಸಿಕ್ತು ಅಂತ ಸಂಭ್ರಮ ಪಡೋ ಲೇಖನ, ಆ ದನಿ ಏನು ಹೇಳ್ತು ಅಂತ ಕೇಳಿಸ್ಕೊಂಡೇ ಇಲ್ಲ. ಸಿನಿಮಾ ಮಾಡಿದವರ ಕಡೇನೇ ನಿಲ್ಲಿ, ಪತ್ರಕರ್ತೆಯರ ಕಡೇನೇ ನಿಲ್ಲಿ, ಅದು ನಿಮ್ಮಿಷ್ಟ. ಎಡಿಟಿಂಗ್ ಟೇಬಲ್ ಮೇಲೆ ಏನು ಇಟ್ಕೋಬೇಕು ಏನು ಬಿಡಬೇಕು ಅನ್ನೋದು ಸಿನಿಮಾದವರ ಹಕ್ಕು ಅಂತ ವಾದ ಮಾಡೋಕೂ ಜಾಗ ಇದೆ. ಆದ್ರೆ ಆ ಜಗಳವನ್ನ ಬಿಟ್ಟು ಈ ಸಿನಿಮಾ ಬಗ್ಗೆ ಬರೆಯೋಕೆ ಆಗಲ್ಲ.

ಎರಡನೇದು ಮೂರನೇ ಪುಟದ ಸಾಲು. “ಮಹಿಳೆಯ ಮೇಲೆ ಪದೇ ಪದೇ ಅತ್ಯಾಚಾರ ನಡೆದಿತ್ತು. ದೂರು ದಾಖಲಿಸಿಕೊಳ್ಳಲು ನಿರಾಕರಿಸಲಾಯಿತು. ನನ್ನ ಕಣ್ಣಾಲಿಗಳು ತುಂಬಿ ಬಂದವು.”

ಒಂದೊಂದಾಗಿ ನೋಡೋಣ. ‘ಅತ್ಯಾಚಾರ ನಡೆದಿತ್ತು.’ ಮಳೆ ಬಂದಿತ್ತು, ಜಾತ್ರೆ ನಡೆದಿತ್ತು ಅನ್ನೋ ಹಾಗೆ. ಮಾಡಿದ ಗಂಡಸರು ವಾಕ್ಯದಿಂದಲೇ ಮಾಯ. ‘ನಿರಾಕರಿಸಲಾಯಿತು.’ ಯಾರು ನಿರಾಕರಿಸಿದ್ದು? ಇದು ಸರ್ಕಾರಿ ಪ್ರಕಟಣೆಯ ಕನ್ನಡ. ಅಲ್ಲಿ ಎಲ್ಲವೂ ಮಾಡಲಾಗುತ್ತೆ, ಸೂಚಿಸಲಾಗುತ್ತೆ, ಕ್ರಮ ಕೈಗೊಳ್ಳಲಾಗುತ್ತೆ, ಮಾಡಿದವರು ಮಾತ್ರ ಯಾರೂ ಇರಲ್ಲ.

ಇಲ್ಲಿ ಅದು ಬರೀ ವ್ಯಾಕರಣದ ವಿಷಯವೂ ಅಲ್ಲ. ಗಂಭೀರ ಅಪರಾಧದ ಮಾಹಿತಿ ಬಂದ್ರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2013ರ ನವೆಂಬರ್‌ನಲ್ಲೇ ಹೇಳಿದೆ, ಲಲಿತಾ ಕುಮಾರಿ ಕೇಸು, ಅದೂ ಉತ್ತರ ಪ್ರದೇಶ ಸರ್ಕಾರದ ವಿರುದ್ಧದ್ದು. ಅದೇ ವರ್ಷದ ತಿದ್ದುಪಡೀಲಿ ಆಗ ಜಾರಿಯಲ್ಲಿದ್ದ ದಂಡ ಸಂಹಿತೆ ಐಪಿಸಿಗೆ 166ಎ ಕಲಂ ಸೇರಿಸಿದ್ರು. ಅತ್ಯಾಚಾರದ ದೂರು ಬರೆದುಕೊಳ್ಳದ ಅಧಿಕಾರಿಗೆ ಕನಿಷ್ಠ ಆರು ತಿಂಗಳು, ಗರಿಷ್ಠ ಎರಡು ವರ್ಷ ಜೈಲು. ಅಂದ್ರೆ ನಿಮ್ಮ ‘ನಿರಾಕರಿಸಲಾಯಿತು’ ಅನ್ನೋ ಪದದೊಳಗೆ ಇನ್ನೊಂದು ಅಪರಾಧ ಇದೆ, ನೀವು ಅದನ್ನ ಮುಚ್ಚಿಬಿಟ್ರಿ. ಸಿನಿಮಾದಲ್ಲಿ ವರದಿಗಾರ್ತಿ ಮೀರಾ ಏನು ಮಾಡ್ತಾರೆ ನೆನಪಿಸ್ಕೊಳ್ಳಿ, ಆ ಮನೇಲಿ ಕೂತು ಪೂರ್ತಿ ಕೇಳಿಸ್ಕೊಳ್ತಾರೆ, ಆಮೇಲೆ ನೇರ ಠಾಣೆಗೆ ಹೋಗಿ ಪೊಲೀಸರನ್ನೇ ಕೇಳ್ತಾರೆ. ಅವರ ಕ್ಯಾಮೆರಾ ಕರ್ತೃವನ್ನ ಹುಡುಕ್ಕೊಂಡು ಹೋಗುತ್ತೆ, ನಿಮ್ಮ ವಾಕ್ಯ ಅಲ್ಲಿಂದ ನಿಮ್ಮ ಕಣ್ಣೀರಿಗೆ ವಾಪಸ್ ಬರುತ್ತೆ.

ಇಷ್ಟು ಕೋಪ ಯಾಕೆ ಅಂದ್ರೆ ಈ ತಪ್ಪನ್ನ ನಾನೂ ಮಾಡಿದ್ದೆ. ತೊಂಬತ್ತರ ದಶಕ, ಒಂದು ಸಣ್ಣ ಜಿಲ್ಲಾ ಪತ್ರಿಕೇಲಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಕಲ್ಲು ಕ್ವಾರೀಲಿ ಒಬ್ಬ ಸತ್ತ ಸುದ್ದಿ. ‘ಆಕಸ್ಮಿಕ ಸ್ಫೋಟ ಸಂಭವಿಸಿ ಕಾರ್ಮಿಕ ಮೃತಪಟ್ಟಿದ್ದಾನೆ, ಪತ್ನಿಯ ಆಕ್ರಂದನ ಮುಗಿಲು ಮುಟ್ಟಿತ್ತು’ ಅಂತ ಬರ್ಕೊಂಡು ಬಂದೆ. ಡೆಸ್ಕಿನಲ್ಲಿದ್ದ ಹಿರಿಯರು ‘ಸಂಭವಿಸಿ’ ಸುತ್ತ ಗೆರೆ ಎಳೆದು ಕೇಳಿದ್ದು ಒಂದೇ, ಬತ್ತಿಗೆ ಬೆಂಕಿ ಇಟ್ಟೋರು ಯಾರಪ್ಪಾ? ಗೊತ್ತಿರಲಿಲ್ಲ. ಮಾರನೇ ದಿನ ಮೊದಲ ಬಸ್ಸಿಗೆ ವಾಪಸ್ ಹೋದೆ. ಆ ಹೆಂಗಸು ಬಾಗಿಲಲ್ಲೇ ಕೂತಿದ್ರು. ಕೇಳಿದ್ದಕ್ಕೆ, “ನಿನ್ನೇನೇ ಹೇಳಿದ್ನಲ್ಲ ಸ್ವಾಮಿ, ನೀವೂ ಅಲ್ಲೇ ನಿಂತಿದ್ರಿ” ಅಂದ್ರು. ಮದ್ದು ತುಂಬೋ ಕೆಲಸ ಗೊತ್ತಿಲ್ಲದ ಹುಡುಗನ ಕೈಲಿ ಮಾಲೀಕ ಬೆಂಕಿ ಇಡಿಸಿದ್ದು, ಕೂಗಿ ಎಚ್ಚರಿಸದೇ ಇದ್ದಿದ್ದು, ಎಲ್ಲ ಅವರು ಅಳ್ತಾ ಅಳ್ತಾನೇ ಹೇಳಿದ್ರಂತೆ. ನನಗೆ ಅಳು ಮಾತ್ರ ಕೇಳಿಸಿತ್ತು, ಆಕ್ರಂದನ ಅಂತ ಬರ್ಕೊಂಡೆ, ಮಾತು ಬಿಟ್ಟೆ. ಸುದ್ದಿ ಎರಡು ದಿನ ತಡವಾಗಿ, ಒಳಪುಟದಲ್ಲಿ, ಮಾಲೀಕನ ಹೆಸರಿನ ಜೊತೆ ಬಂತು. ‘ಮುಗಿಲು ಮುಟ್ಟಿತು’ ಅಂತ ನೋಡಿದಾಗಲೆಲ್ಲ ಇವತ್ತಿಗೂ ನನಗೆ ಆ ಬಾಗಿಲೇ ಕಾಣುತ್ತೆ.

ಹೀಗೆ ಮಾಡಿ. ಮೊದಲ ಪ್ಯಾರಾ ಪೂರ್ತಿ ತೆಗೀರಿ, ಮೀರಾ ಠಾಣೆಗೆ ಹೋಗೋ ದೃಶ್ಯದಿಂದ ಶುರು ಮಾಡಿ. ‘ಲಾಯಿತು’, ‘ಲಾಗಿದೆ’, ‘ಒಳಗಾದರು’ ಅಂತ ಬಂದಲ್ಲೆಲ್ಲ ಪೆನ್ಸಿಲ್ಲಲ್ಲಿ ಗುರುತು ಹಾಕಿ ಪಕ್ಕದಲ್ಲಿ ಯಾರು ಅಂತ ಬರೀರಿ, ಬರೆಯೋಕೆ ಆಗದಿದ್ರೆ ಸಿನಿಮಾ ಮತ್ತೆ ನೋಡಿ. ಆ 2022ರ ಹೇಳಿಕೆ ಓದಿ. ಸಿನಿಮಾ ಬಿಟ್ಟು ಖಬರ್ ಲಹರಿಯಾದ ದಿನದಿನದ ವರದಿಗಳನ್ನೂ ಒಂದು ವಾರ ನೋಡಿ, ಬುಂದೇಲಿ ಅಷ್ಟಿಷ್ಟು ಅರ್ಥ ಆಗುತ್ತೆ, ಹಿಂದಿ ಬರೋ ಸ್ನೇಹಿತರನ್ನ ಪಕ್ಕದಲ್ಲಿ ಕೂರಿಸ್ಕೊಳ್ಳಿ. ಶ್ಯಾಮ್‌ಕಲಿ ಪ್ಯಾರಾ ಮುಟ್ಟಬೇಡಿ.

ಮುಂದಿನ ಸಂಚಿಕೇಲಿ ನಾಲ್ಕು ಪುಟ ನಿಮಗೆ ಅಂತ ಇಟ್ಟಿದ್ದೀನಿ, 20ನೇ ತಾರೀಖಿನೊಳಗೆ ಕಳಿಸಿ.