ಪ್ಲಂಬರ್ ನಂಬರ್ ಕೊಟ್ಟರೆ ವ್ಯಾಪಾರ ಆಗುತ್ತದೆಯೇ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಬೆಂಗಳೂರಿನಲ್ಲಿರುವ ಮಗಳು ಏಸಿ ಸರ್ವಿಸ್‌ನಿಂದ ಹಿಡಿದು ಫೇಶಿಯಲ್‌ವರೆಗೆ ಎಲ್ಲಕ್ಕೂ ಅರ್ಬನ್ ಕಂಪನಿಯವರನ್ನೇ ಕರೆಸುತ್ತಾಳೆ. ಅವರ ಹತ್ತಿರ ಸಂಬಳದ ಪ್ಲಂಬರ್ ಇಲ್ಲ, ಬ್ಯೂಟಿಷಿಯನ್ ಇಲ್ಲ. ಬರೀ ನಂಬರ್ ಜೋಡಿಸಿ ಕೋಟಿಗಟ್ಟಲೆ ಮಾಡಿದ್ದಾರೆ. ನನಗೂ ನಮ್ಮೂರಿನ 20 ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳು ಗೊತ್ತು. ಒಂದು ಆ್ಯಪ್ ಮಾಡಿಸಿದರೆ ನಡೆಯುವುದಿಲ್ಲವೇ?"

ಆ್ಯಪ್ ಮಾಡಿಸುವ ದುಡ್ಡನ್ನು ಸ್ವಲ್ಪ ದಿನ ಬ್ಯಾಂಕಿನಲ್ಲೇ ಇಡಿ. ನಿಮ್ಮ ಪತ್ರದಲ್ಲಿ 'ಬರೀ ನಂಬರ್ ಜೋಡಿಸಿ' ಅಂತ ಇದೆಯಲ್ಲ, ತೊಡಕು ಇರುವುದೇ ಅಲ್ಲಿ. ಅವರೂ ಶುರು ಮಾಡಿದ್ದು ಹಾಗೆಯೇ. ಆದರೆ ದುಡ್ಡು ಕಂಡದ್ದು ಅದನ್ನು ಬಿಟ್ಟ ಮೇಲೆ.

2014ರಲ್ಲಿ ಅಭಿರಾಜ್ ಸಿಂಗ್ ಭಾಲ್, ವರುಣ್ ಖೈತಾನ್, ರಾಘವ್ ಚಂದ್ರ ಸೇರಿ 'ಅರ್ಬನ್‌ಕ್ಲಾಪ್' ತೆರೆದರು. ಇಂದಿನ ಅರ್ಬನ್ ಕಂಪನಿಯ ಮೊದಲ ಹೆಸರು ಅದು. ಭಾಲ್ ಮತ್ತು ಖೈತಾನ್ ಕಾನ್ಪುರ ಐಐಟಿಯವರು. ಅದಕ್ಕೂ ಮುಂಚೆ ಅವರಿಬ್ಬರು ಪ್ರಯಾಣಿಕರಿಗೆ ಸಿನಿಮಾ ತೋರಿಸುವ ಒಂದು ಕಂಪನಿ ಮಾಡಿ ಮುಚ್ಚಿದ್ದರು. ರಾಘವ್ ಚಂದ್ರ ಆಟೊ ಕರೆಸುವ ಆ್ಯಪ್ ಒಂದನ್ನು ಮಾಡಿದ್ದರು, ಅದೂ ನಿಲ್ಲಲಿಲ್ಲ. ಹೊಸ ಕಂಪನಿಯಲ್ಲಿ ಯೋಗ ಟೀಚರ್, ಮದುವೆ ಫೋಟೊಗ್ರಾಫರ್, ಪ್ಲಂಬರ್ ಎಲ್ಲರೂ ಇದ್ದರು. ಗಿರಾಕಿಯ ವಿವರ ಕೊಡುವುದು, ಅದಕ್ಕೆ ಕೆಲಸಗಾರರಿಂದ ದುಡ್ಡು ತೆಗೆದುಕೊಳ್ಳುವುದು. ಅಷ್ಟೇ ವ್ಯಾಪಾರ.

ನಮ್ಮ ಮದುವೆ ದಲ್ಲಾಳಿಗಳು ಮಾಡುವುದೂ ಇದನ್ನೇ ಅಲ್ವಾ? ಆದರೆ ಮದುವೆ ಒಂದೇ ಸಲ. ನಲ್ಲಿ ಹಾಗಲ್ಲ, ಮೂರು ತಿಂಗಳಿಗೊಮ್ಮೆ ಸೋರುತ್ತದೆ. ಮೊದಲ ಸಲ ಬಂದ ಪ್ಲಂಬರ್ ಒಳ್ಳೆಯವನಾದರೆ ಎರಡನೇ ಸಲ ನೀವು ಅವನಿಗೇ ಫೋನ್ ಮಾಡುತ್ತೀರಿ. ಒಳ್ಳೆಯವನಲ್ಲದಿದ್ದರೆ ಆ್ಯಪ್ಪನ್ನೇ ಬೈದು ಅಳಿಸುತ್ತೀರಿ. ದಲ್ಲಾಳಿಗೆ ಎರಡೂ ಕಡೆ ನಷ್ಟ.

ಈ ಹಳ್ಳಕ್ಕೆ ಬಿದ್ದವರು ತುಂಬಾ ಜನ. ಅಮೆರಿಕದ ಹೋಮ್‌ಜಾಯ್ ಮೊದಲ ಸಲದ ಮನೆ ಕ್ಲೀನಿಂಗನ್ನು 19 ಡಾಲರ್‌ಗೆ ಕೊಟ್ಟು ಜನರನ್ನು ಸೆಳೆಯಿತು. ಅವರಲ್ಲಿ ಬಹಳ ಮಂದಿ ಪೂರ್ತಿ ದರ ಕೊಟ್ಟು ಮತ್ತೆ ಕರೆಸಲಿಲ್ಲ. ಕೆಲಸಗಾರರು ನೌಕರರೋ ಅಲ್ಲವೋ ಎಂಬ ಮೊಕದ್ದಮೆಗಳೂ ಸೇರಿಕೊಂಡು 2015ರಲ್ಲಿ ಬಾಗಿಲು ಹಾಕಿತು. ಮುಂಬೈಯ ಟಾಸ್ಕ್‌ಬಾಬ್ 2017ರಲ್ಲಿ ಮುಚ್ಚಿತು. ನಮ್ಮ ಬೆಂಗಳೂರಿನ ಹೌಸ್‌ಜಾಯ್‌ಗೆ ಅಮೆಜಾನ್ ದುಡ್ಡು ಹಾಕಿತ್ತು. ಅದೂ ಕೊನೆಗೆ ಮನೆ ಕಟ್ಟುವ, ರಿಪೇರಿ ಮಾಡಿಸುವ ಕೆಲಸದ ಕಡೆ ತಿರುಗಿತು.

ಅರ್ಬನ್‌ಕ್ಲಾಪ್‌ನವರು ಬೇರೆ ದಾರಿ ಹಿಡಿದರು. ಕೆಲಸಗಳ ಉದ್ದ ಪಟ್ಟಿಯನ್ನು ಕತ್ತರಿಸಿ, ಮತ್ತೆ ಮತ್ತೆ ಬೇಕಾಗುವ ಕೆಲವನ್ನು ಉಳಿಸಿಕೊಂಡರು. ದರವನ್ನು ತಾವೇ ಗೊತ್ತು ಮಾಡಿದರು. "ನೋಡಿ ಹೇಳ್ತೀನಿ ಸಾರ್" ಎನ್ನುವ ಮಾತಿಗೆ ಜಾಗವೇ ಇಲ್ಲ. ಹಿನ್ನೆಲೆ ಪರಿಶೀಲಿಸಿ, ತರಬೇತಿ ಕೊಟ್ಟು ಕಳಿಸಿದರು. ವ್ಯಾಕ್ಸ್, ಕ್ರೀಮ್‌ಗಳನ್ನು ಒಂದೇ ಸಲಕ್ಕೆ ಆಗುವ ಪೊಟ್ಟಣಗಳಲ್ಲಿ ತಂದು ಬ್ಯೂಟಿಷಿಯನ್‌ಗಳಿಗೇ ಮಾರಿದರು. ಗಿರಾಕಿ ತನ್ನ ಕಣ್ಣೆದುರೇ ಪೊಟ್ಟಣ ಒಡೆಯುವುದನ್ನು ನೋಡುತ್ತಾಳೆ. ನನಗೆ ಆ್ಯಪ್‌ಗಿಂತ ಈ ಪೊಟ್ಟಣದ ಉಪಾಯವೇ ಹೆಚ್ಚು ಜಾಣತನದ್ದು ಅನ್ನಿಸುತ್ತದೆ. ಯಾರು ಬಂದರೂ ಕೆಲಸ ಒಂದೇ ಥರ ಇರುತ್ತದೆ ಎಂದಾದಾಗ ಗಿರಾಕಿ ವ್ಯಕ್ತಿಯನ್ನು ಬಿಟ್ಟು ಕಂಪನಿಯನ್ನು ನೆನಪಿಟ್ಟುಕೊಳ್ಳುತ್ತಾಳೆ. 2020ರಲ್ಲಿ ಹೆಸರು ಅರ್ಬನ್ ಕಂಪನಿ ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ಷೇರು ಪೇಟೆಗೆ ಬಂತು. 103 ರೂಪಾಯಿಗೆ ಕೊಟ್ಟ ಷೇರು ಮೊದಲ ದಿನವೇ 160 ದಾಟಿತು.

ಇಷ್ಟು ಓದಿ ಖುಷಿಪಡಬೇಡಿ. ತರಬೇತಿ, ಸಾಮಾನು ಎಂದು ಇದಕ್ಕೆಲ್ಲ ಆಗುವ ಖರ್ಚಿನ ಒಂದು ಪಾಲು ಯಾರ ಜೇಬಿನಿಂದ ಬರುತ್ತದೆ ಎಂದೂ ನೋಡಬೇಕು. 2021ರ ಅಕ್ಟೋಬರ್‌ನಲ್ಲಿ ಗುರುಗ್ರಾಮದ ಕಚೇರಿ ಎದುರು ಬ್ಯೂಟಿಷಿಯನ್ ಹೆಣ್ಣುಮಕ್ಕಳು ಧರಣಿ ಕೂತರು. ಕಮಿಷನ್ ಜಾಸ್ತಿ, ಸಾಮಾನನ್ನೂ ಕಂಪನಿಯಿಂದಲೇ ಕೊಳ್ಳಬೇಕು, ಓಡಾಟದ ಖರ್ಚು ತಮ್ಮದೇ ಎಂಬುದು ದೂರು. ಕಂಪನಿ ಗರಿಷ್ಠ ಕಮಿಷನ್ನನ್ನು ಶೇ 30ರಿಂದ 25ಕ್ಕೆ ಇಳಿಸಿತು. ಡಿಸೆಂಬರ್‌ನಲ್ಲಿ ಮತ್ತೆ ಧರಣಿ ನಡೆದಾಗ ಅವರ ಮೇಲೆಯೇ ಕೋರ್ಟಿಗೆ ಹೋಯಿತು! 2023ರಲ್ಲಿ, ರೇಟಿಂಗ್ ಇಳಿದರೆ ಐಡಿ ಬ್ಲಾಕ್ ಮಾಡಿ ಕೆಲಸ ಸಿಗದಂತೆ ಮಾಡುತ್ತಾರೆ ಎಂದು ಮತ್ತೆ ಬೀದಿಗಿಳಿದರು. ಮನೆಯಲ್ಲಿ ಕೂತು ಸುಮ್ನೆ ಒಂದು ಸ್ಟಾರ್ ಕಡಿಮೆ ಒತ್ತುವ ನಮಗೆ ಅದರ ಭಾರ ಗೊತ್ತಾಗುವುದಿಲ್ಲ.

ಕರ್ನಾಟಕದಲ್ಲಿ 2025ರಿಂದ ಗಿಗ್ ಕಾರ್ಮಿಕರ, ಅಂದರೆ ಹೀಗೆ ಆ್ಯಪ್ ಮೂಲಕ ಕೆಲಸ ಪಡೆಯುವವರ, ಕಾಯ್ದೆ ಇದೆ. ಆ್ಯಪ್ ನಡೆಸುವವರು ಕೆಲಸಗಾರರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಕಾರಣ ಹೇಳದೆ ಕೆಲಸದಿಂದ ತೆಗೆಯುವಂತಿಲ್ಲ. ನೀವು ಆ್ಯಪ್ ತೆರೆದರೆ ಇದನ್ನೂ ಓದಿಕೊಳ್ಳಿ.

ಲಾಭದ ಲೆಕ್ಕವೂ ಅಷ್ಟು ಸುಲಭವಿಲ್ಲ. 2024-25ರಲ್ಲಿ ಆ ಕಂಪನಿ ತೋರಿಸಿದ 240 ಕೋಟಿ ಲಾಭದಲ್ಲಿ 200 ಕೋಟಿಗೂ ಹೆಚ್ಚು ಲೆಕ್ಕಪತ್ರದ ತೆರಿಗೆ ಹೊಂದಾಣಿಕೆಯಿಂದ ಬಂದದ್ದು, ವ್ಯಾಪಾರದಿಂದಲ್ಲ. 2025ರಲ್ಲಿ ಗಂಟೆ ಲೆಕ್ಕದಲ್ಲಿ ಮನೆಗೆಲಸದವರನ್ನು ಕಳಿಸುವ ಸೇವೆ ಶುರು ಮಾಡಿದರು. ಅದರ ಖರ್ಚಿನಿಂದಾಗಿ ಷೇರು ಪೇಟೆಗೆ ಬಂದ ತ್ರೈಮಾಸಿಕದಲ್ಲೇ ಮತ್ತೆ ನಷ್ಟ.

ಹಾಗಾದರೆ ನೀವೇನು ಮಾಡಬಹುದು? ಒಂದೇ ಕೆಲಸ ಹಿಡಿಯಿರಿ. ಉದಾಹರಣೆಗೆ ನೀರಿನ ಟ್ಯಾಂಕ್ ತೊಳೆಯುವುದು. ಒಂದೇ ಬಡಾವಣೆ ಸಾಕು. ದರವನ್ನು ಒಂದು ಕಾರ್ಡಿನಲ್ಲಿ ಅಚ್ಚು ಹಾಕಿಸಿ, ಕೆಲಸ ಕೆಟ್ಟರೆ ಪುಕ್ಕಟೆ ಮತ್ತೆ ಮಾಡಿಸಿಕೊಡಿ. ಆರು ತಿಂಗಳಿಗೆ ಫೋನ್ ಮತ್ತು ಒಂದು ನೋಟ್ ಪುಸ್ತಕ ಧಾರಾಳ.

ಅದಕ್ಕೂ ಮುಂಚೆ ನಿಮ್ಮ ಆ 20 ಜನರನ್ನು ಟೀಗೆ ಕರೆದು ಒಂದು ಮಾತು ಕೇಳಿ: "ಗಿರಾಕಿ ನಿನಗೇ ನೇರವಾಗಿ ಫೋನ್ ಮಾಡಿದರೆ, ನನಗೆ ಯಾಕೆ ಪಾಲು ಕೊಡ್ತೀಯ?" ಅವರು ಏನಂದರು ಅಂತ ಮುಂದಿನ ಪತ್ರದಲ್ಲಿ ಬರೆಯಿರಿ.

- ಸಂ.