ಮೂಲೆಯಲ್ಲಿ ಬ್ರಿಟಿಷ್ ಬಾವುಟ ಇದ್ದರೆ ಹಳೆಯದಾ?

ಘಾನಾದ ಅಸಾಫೋ ಬಾವುಟ ಮಾರಾಟಕ್ಕಿದೆ, ಮೂಲೆಯಲ್ಲಿ ಯೂನಿಯನ್ ಜ್ಯಾಕ್ ಇದೆ, ಹಾಗಾದರೆ 1957ಕ್ಕಿಂತ ಹಳೆಯದೇ ಅಲ್ವಾ ಅಂತ ಕೇಳಿದ್ದೀರಿ. ಅಯ್ಯೋ, ಇದೇ ಲೆಕ್ಕ ಹಾಕಿ ನಾನು ಟೋಪಿ ಹಾಕಿಸಿಕೊಂಡೆ.

ಆಗ ಘಾನಾದಲ್ಲೇ, ಟೆಮಾ ಬಂದರಿನ ಹತ್ತಿರ ಕೆಲಸದಲ್ಲಿದ್ದೆ. ಅಕ್ರಾದ ಒಂದು ಅಂಗಡಿಯಲ್ಲಿ ಎರಡು ಬಾವುಟ ನೇತುಹಾಕಿದ್ದರು. ಅಸಾಫೋ ಅಂದರೆ ಕರಾವಳಿಯ ಫಾಂಟೆ ಜನರ ಹಳೆಯ ಕಾವಲು ದಂಡು. ಒಂದೊಂದು ದಂಡಿಗೂ ತನ್ನದೇ ಬಾವುಟ. ಬಟ್ಟೆ ಕತ್ತರಿಸಿ ಹೊಲಿದ ಚಿತ್ರದಲ್ಲಿ ಒಂದು ಗಾದೆ, ಎದುರು ದಂಡನ್ನು ಕೆಣಕೋದಕ್ಕೆ. ಬ್ರಿಟಿಷರ ಕಾಲದಲ್ಲಿ ಮೂಲೆಗೆ ಯೂನಿಯನ್ ಜ್ಯಾಕ್. 1957ರ ಮಾರ್ಚ್ 6ಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಕೆಂಪು, ಹಳದಿ, ಹಸಿರು, ನಡುವೆ ಕಪ್ಪು ನಕ್ಷತ್ರ.

ಇಷ್ಟೇ ಓದಿಕೊಂಡು ಹೋಗಿದ್ದೆ. ಅದೇ ಎಡವಟ್ಟು. ಒಂದು ಬಾವುಟದಲ್ಲಿ ಮೊಸಳೆ, ಮೀನು, ಮೂಲೆಯಲ್ಲಿ ಯೂನಿಯನ್ ಜ್ಯಾಕ್. ಇನ್ನೊಂದರ ಮೂಲೆಯಲ್ಲಿ ಘಾನಾ ಬಾವುಟ, ಆದರೆ ಹಳದಿ ಇರಬೇಕಾದಲ್ಲಿ ಬಿಳಿ. "ದರ್ಜಿಗೆ ಹಳದಿ ಬಟ್ಟೆ ಸಿಗಲಿಲ್ವಾ?" ಅಂತ ನಕ್ಕು, ಮೊಸಳೆ ಬಾವುಟಕ್ಕೆ ಕೇಳಿದಷ್ಟು ಸೆಡಿ (ಅಲ್ಲಿನ ದುಡ್ಡು) ಕೊಟ್ಟು ತಂದೆ. ಹಿಂಬದಿ ತಿರುಗಿಸಿ ನೋಡಲಿಲ್ಲ. ಹೊಲಿಗೆ ನೋಡಲಿಲ್ಲ. ಮೂಸಿಯೂ ನೋಡಲಿಲ್ಲ. ಕಣ್ಣೆಲ್ಲ ಆ ಮೂಲೆಯ ಮೇಲೆ!

ಫಾಂಟೆ ಜನರ ಊರಾದ ಕೇಪ್ ಕೋಸ್ಟ್ ಕಡೆಯ ಹಿರಿಯ ಸಹೋದ್ಯೋಗಿಯೊಬ್ಬರು ಮನೆಗೆ ಬಂದವರು ಮೊದಲು ಅದನ್ನು ತಿರುಗಿಸಿದರು. ಹಿಂದೆ ಬಣ್ಣ ಹೊಚ್ಚಹೊಸದು. ಕಂದು ಕಲೆ ಮುಂಭಾಗದಲ್ಲಿ ಮಾತ್ರ, ಟೀ ಡಿಕಾಕ್ಷನ್ ಬಳಿದಿದ್ದರು. ಮುಜುಗರ ಮುಚ್ಚಿಕೊಳ್ಳಲು ಬಿಳಿ ಪಟ್ಟಿಯ ಕಥೆ ಹೇಳಿದೆ. ಅವರು ನಗಲಿಲ್ಲ. 1964ರಲ್ಲಿ ಆಗಿನ ಅಧ್ಯಕ್ಷ ಎನ್‌ಕ್ರುಮಾ ತಮ್ಮ ಪಕ್ಷವೊಂದನ್ನೇ ಉಳಿಸಿದಾಗ, ದೇಶದ ಬಾವುಟದ ಹಳದಿಯೂ ಹೋಗಿ ಬಿಳಿ ಬಂತಂತೆ. ಪಕ್ಷದ ಬಣ್ಣ ಕೆಂಪು, ಬಿಳಿ, ಹಸಿರು. 1966ರ ಫೆಬ್ರವರಿಯಲ್ಲಿ ಸೇನೆ ಅವರನ್ನು ಇಳಿಸಿತು, ಕೆಲವೇ ದಿನದಲ್ಲಿ ಹಳದಿ ವಾಪಸ್. ಅಂದರೆ ಆ ಬಿಳಿ ಇದ್ದದ್ದು ಬರೀ ಎರಡು ವರ್ಷ! ನಾನು ಬಿಟ್ಟುಬಂದದ್ದು ಅಸಲಿ ಅಂತ ಆಣೆ ಮಾಡಲ್ಲ. ಆದರೆ ನಕಲು ಮಾಡುವವನು ನನ್ನಂಥವರಿಗಾಗಿ ಯೂನಿಯನ್ ಜ್ಯಾಕ್ ಹೊಲಿಯುತ್ತಾನೆ. ಯಾರೂ ಕೇಳದ ಬಿಳಿ ಪಟ್ಟಿ ಯಾಕೆ ಹೊಲಿದಾನು? ಮುಂದಿನ ವಾರ ಓಡಿದೆ, ಮಾರಿಹೋಗಿತ್ತು.

ನನ್ನ ಕೇಳಿದರೆ, ಹಳೆಯದೇ ಬೇಕು ಅನ್ನೋ ಹಟವೇ ತಪ್ಪು. ಫಾಂಟೆ ದಂಡಿನಲ್ಲಿ ಹೊಸ ನಾಯಕ ಬಂದರೆ ಹೊಸ ಬಾವುಟ ಹೊಲಿಸುತ್ತಾನೆ, ಅದೇನು ಕಡಿಮೆಯದಾ? ಹೊಸದು ಅಂತ ಹೇಳಿ ಮಾರುವ ದರ್ಜಿ ಹತ್ತಿರ ಕೊಳ್ಳಿ, ಗಾದೆ ಏನು ಅಂತ ಕೇಳಿ. ಇಲ್ಲ, ಇದೇ ಬೇಕು ಅಂದರೆ ದುಡ್ಡು ಕಳಿಸುವ ಮುಂಚೆ ಹಿಂಬದಿಯ ಫೋಟೋ ತರಿಸಿಕೊಳ್ಳಿ.